ಲಂಕಾಕ್ಕೆ ಬಾರದ ಕ್ಯಾಮೆರಾ

ಕಲಾತ್ಮಕ ಛಾಯಾಗ್ರಹಣದ ಹೆಸರಿನಲ್ಲಿ ಕಾಶಿಯಿಂದ ಹೊರಬೀಳುವ ಚಿತ್ರಗಳು ಒಟ್ಟು ಐದು. ಮೈಗೆ ಬೂದಿ ಬಳಿದು ಚಿಲುಮೆ ಹಿಡಿದ ಸಾಧು, ಮಾಗಿಯ ಮಂಜಿನಲ್ಲಿ ಬಿಳಿ ಹಕ್ಕಿಗಳ ಹಿಂಡು ಸುತ್ತಿದ ಒಂದು ದೋಣಿ, ಸುಕ್ಕು ಮುಖದ ವಿಧವೆ ಅಜ್ಜಿ, ದಶಾಶ್ವಮೇಧದ ಆರತಿಯ ಬೆಂಕಿ, ಮಣಿಕರ್ಣಿಕೆಯ ಹೊಗೆ. ಆರನೆಯದೊಂದು ಕಂಡರೆ, ಈ ಐದರಲ್ಲಿ ಯಾವುದನ್ನೋ ಕಪ್ಪು-ಬಿಳುಪು ಮಾಡಿದ್ದಾರೆ ಎಂದೇ ಅರ್ಥ.

ಕಾಶಿಯ ಘಾಟುಗಳು 84 ಎಂಬುದು ರೂಢಿಯ ಲೆಕ್ಕ. ಕಲಾತ್ಮಕ ಕ್ಯಾಮೆರಾ ಬಲ್ಲದ್ದು ಅಸ್ಸಿ, ಹರಿಶ್ಚಂದ್ರ, ದಶಾಶ್ವಮೇಧ, ಮಣಿಕರ್ಣಿಕಾ. 84ಕ್ಕೆ ನಾಲ್ಕು. ಪರೀಕ್ಷೆಯಲ್ಲಿ ಇಷ್ಟು ಅಂಕ ತೆಗೆದ ಮಗನನ್ನು ಮನೆಯಲ್ಲಿ ಊಟಕ್ಕೂ ಕರೆಯುವುದಿಲ್ಲ. ಛಾಯಾಗ್ರಹಣದಲ್ಲಿ ಕರೆದು ಪದಕ ಹಾಕುತ್ತಾರೆ. ಇನ್ನು ಮೆಟ್ಟಿಲು ಹತ್ತಿ ಊರೊಳಗೆ ಬಂದರೆ ಅಂಕ ಸೊನ್ನೆ. ಅಸ್ಸಿಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರು, ಲಂಕಾ ಎಂಬ ಪೇಟೆ ಇದೆ. ತುಳಸೀದಾಸರ ಕಾಲದ ರಾಮಲೀಲೆಯಲ್ಲಿ ರಾವಣನ ಊರಾಗಿದ್ದ ಜಾಗ ಇದು, ಅದಕ್ಕೇ ಈ ಹೆಸರು ಎಂದು ಅಲ್ಲಿಯವರು ಹೇಳುತ್ತಾರೆ. ಹನುಮಂತ ಸಮುದ್ರ ಹಾರಿ ಲಂಕೆಗೆ ಬಂದ. ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದ ಕ್ಯಾಮೆರಾಕ್ಕೆ ಅಸ್ಸಿಯ ರಸ್ತೆ ದಾಟಲಾಗಿಲ್ಲ.

ಇದನ್ನು ಕೇಳಿದರೆ ಸಿಗುವ ಉತ್ತರ ಒಂದೇ: ಅದು ಕಲಾವಿದನ ದೃಷ್ಟಿ. ಒಂದೇ ದೃಷ್ಟಿ ಸಾವಿರ ಜನಕ್ಕೆ, ಒಂದೇ ಘಾಟಿನಲ್ಲಿ, ಒಂದೇ ಹೊತ್ತಿಗೆ ಬಂದರೆ ಕನ್ನಡಿಗರು ಅದನ್ನು ಮದ್ರಾಸ್ ಐ ಎನ್ನುತ್ತಾರೆ.

ಈ ದೃಷ್ಟಿ ಕೆಲಸ ಮಾಡುವ ಕ್ರಮ ಹೀಗೆ. ಫೋಟೊ ಟೂರಿನವರು ಬೆಳಗಿನ ಐದೂವರೆಗೆ ಘಾಟಿಗೆ ಬರುತ್ತಾರೆ. ಹತ್ತು ಹನ್ನೆರಡು ಜನ, ಎಲ್ಲರ ಕೊರಳಲ್ಲೂ ಒಂದೇ ಬಗೆಯ ಟೆಲಿ ಲೆನ್ಸು, ಜೊತೆಗೆ ಮಾರ್ಗದರ್ಶಿ ಎನ್ನಿಸಿಕೊಂಡ ಒಬ್ಬರು. ದೋಣಿಯವನ ಕಾಲ ಬಳಿ ಸೇವ್ ಪೊಟ್ಟಣಗಳ ಗುಡ್ಡೆ. ಚಳಿಗಾಲಕ್ಕೆ ಗಂಗೆಗೆ ಬರುವ ಸೀಗಲ್ಲುಗಳನ್ನು ಅವನು ಸೈಬೀರಿಯಾದ ಹಕ್ಕಿ ಎನ್ನುತ್ತಾನೆ. ಅವನು ‘ಆವ್ ಆವ್’ ಎಂದು ಕೂಗಿ ಸೇವನ್ನು ನೀರಿಗೆ ಎರಚಿದರೆ ಹಕ್ಕಿಗಳು ರಪರಪನೆ ಎದ್ದು ದೋಣಿಯನ್ನು ಸುತ್ತುತ್ತವೆ. ಎದುರಿನ ದೋಣಿಯಲ್ಲಿ ಕೆಂಪು ಸೀರೆಯ ಹುಡುಗಿಯನ್ನೋ ಕೇಸರಿ ತೊಟ್ಟ ಮುದುಕನನ್ನೋ ಮೊದಲೇ ಕೂರಿಸಿರುತ್ತಾರೆ. ಹನ್ನೆರಡು ಶಟರ್ ಒಟ್ಟಿಗೆ ಬಡಿಯುತ್ತವೆ. ‘ಸಿಕ್ತಾ?’ ಎಂದು ಮಾರ್ಗದರ್ಶಿ ಕೇಳಿದರೆ ‘ಸಿಕ್ತು ಸಾರ್, ಇನ್ನೊಂದು ಸಲ ಹಾಕ್ಸಿ’ ಎಂಬ ಉತ್ತರ. ಇನ್ನೊಂದು ಪೊಟ್ಟಣ ಒಡೆಯುತ್ತದೆ. ಹನ್ನೆರಡು ಚಿತ್ರಗಳಿಗೆ ಮುಂದೆ ಹನ್ನೆರಡು ಶೀರ್ಷಿಕೆ ಬೀಳುತ್ತವೆ. ಮೋಕ್ಷ, ಮೌನ, ಅನಂತ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇಡೀ ಸಂಯೋಜನೆಯನ್ನು ಊಹಿಸಿ, ಕೂರಿಸಿ, ಎರಚಿ, ಬೆಳಕು ಎತ್ತ ಕಡೆಯಿಂದ ಬರುತ್ತದೆಂದು ದೋಣಿ ತಿರುಗಿಸಿದವನು ಅಂಬಿಗ. ಆದರೆ ಚಿತ್ರದ ಕೆಳಗಿನ ಹೆಸರು ಅವನದ್ದಲ್ಲ.

ಛಾಯಾಗ್ರಹಣ ಕಲೆಯೇ ಎಂಬ ಜಗಳ ಹಳೆಯದು. 1858ರಲ್ಲಿ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳನ್ನು ಜೋಡಿಸಿ, ಕ್ಷಯದಿಂದ ಸಾಯುತ್ತಿರುವ ಹುಡುಗಿಯೊಬ್ಬಳ ಚಿತ್ರ ಮಾಡಿದ. ಮಲಗಿದ್ದ ಹುಡುಗಿ ಗಟ್ಟಿಮುಟ್ಟಾಗಿದ್ದಳು. ನೋಡಿದವರು ಸಾವನ್ನು ಹೀಗೆ ಸಿಂಗರಿಸಬಹುದೇ ಎಂದು ಸಿಟ್ಟಾದರು. ಆತ ಮಾತ್ರ ಜೋಡಿಸಿದ್ದನ್ನು ಮುಚ್ಚಿಡಲಿಲ್ಲ, ಹೇಗೆ ಜೋಡಿಸಬೇಕೆಂದು ಪುಸ್ತಕವನ್ನೇ ಬರೆದ. ಚಿತ್ರಕಲೆಯನ್ನು ನಕಲು ಮಾಡಿದರಷ್ಟೇ ಫೋಟೊ ಕಲೆಯಾಗುತ್ತದೆ ಎಂಬ ಆತನ ಕಾಲದ ನಂಬಿಕೆಯನ್ನು ಕೆಡವಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1930ರಲ್ಲಿ ಅಮೆರಿಕದ ಎಡ್ವರ್ಡ್ ವೆಸ್ಟನ್ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ಫೋಟೊ ತೆಗೆದ. ಅದು ಕುಸ್ತಿ ಪಟುಗಳು ತಬ್ಬಿ ಹೆಣೆದುಕೊಂಡಂತೆ ಕಾಣುತ್ತದೆ. ಛಾಯಾಗ್ರಹಣದ ಇತಿಹಾಸ ಹೇಳುವ ಪುಸ್ತಕಗಳಲ್ಲಿ ಆ ಮೆಣಸಿನಕಾಯಿ ಇಲ್ಲದಿರುವುದು ಅಪರೂಪ. ಅದಕ್ಕಾಗಿ ಯಾರೂ ಕಾಶಿಗೆ ಹೋಗಿರಲಿಲ್ಲ. ಲಂಕಾದ ತರಕಾರಿ ಗಾಡಿಯಲ್ಲೂ ದೊಣ್ಣೆಮೆಣಸಿನಕಾಯಿ ಸಿಗುತ್ತದೆ.

ಕಾಶಿಯನ್ನು ಹೊಳೆಯ ಕಡೆಯಿಂದಲೇ ನೋಡಬೇಕೆಂಬ ಚಟ ಕ್ಯಾಮೆರಾಕ್ಕಿಂತ ಹಿಂದಿನದು. ಕಂಪನಿ ಸರ್ಕಾರದ ಟಂಕಸಾಲೆಯಲ್ಲಿ ನಾಣ್ಯದ ಚೊಕ್ಕತನ ನೋಡುವ ಕೆಲಸದಲ್ಲಿದ್ದ ಜೇಮ್ಸ್ ಪ್ರಿನ್ಸೆಪ್, ಬನಾರಸಿನ ಘಾಟುಗಳನ್ನು ಚಿತ್ರಿಸಿ 1830ರ ದಶಕದಲ್ಲಿ ಪ್ರಕಟಿಸಿದ. 1860ರ ದಶಕದಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಗಾಜಿನ ಫಲಕಗಳನ್ನು ಹೊತ್ತು ಬಂದು ಅದೇ ಸಾಲನ್ನು ಫೋಟೊ ಮಾಡಿದ. ಪ್ರಿನ್ಸೆಪ್ ದೊರೆಯ ಅಚ್ಚು ಇಷ್ಟು ಗಟ್ಟಿಯಾಗಿತ್ತೆಂದು ಆತನಿಗೂ ಗೊತ್ತಿದ್ದಿರಲಾರದು. ಇನ್ನೂರು ವರ್ಷವಾಗುತ್ತ ಬಂದರೂ ಅದೇ ಅಚ್ಚಿನಲ್ಲಿ ನಾಣ್ಯ ಹೊಡೆಯುತ್ತಿದ್ದಾರೆ, ಪ್ರತಿ ನಾಣ್ಯವೂ ‘ಹೊಸ ಕಲ್ಪನೆ’.

ಅಚ್ಚು ಒಡೆದವರು ಇಲ್ಲವೆಂದಲ್ಲ. ಜೈಪುರದಲ್ಲಿ 1942ರಲ್ಲಿ ಹುಟ್ಟಿದ ರಘುಬೀರ್ ಸಿಂಗ್ ಅವರ ಬನಾರಸ್ ಪುಸ್ತಕ 1987ರಲ್ಲಿ ಬಂತು. ಛಾಯಾಗ್ರಹಣದ ಕಲಾವಂತಿಕೆ ಕಪ್ಪು-ಬಿಳುಪಿನಲ್ಲೇ ಇದೆ ಎಂದು ದೊಡ್ಡವರೆಲ್ಲ ನಂಬಿದ್ದ ಕಾಲದಲ್ಲಿ ಅವರು ಬಣ್ಣ ಬಿಡಲೊಲ್ಲೆ ಎಂದರು. ಭಾರತದ ಕಣ್ಣಿಗೆ ಬಣ್ಣವಿಲ್ಲದ ಲೋಕವೇ ಇಲ್ಲ ಎಂದು ವಾದಿಸಿದರು. ಅವರ ಫ್ರೇಮಿನಲ್ಲಿ ಗದ್ದಲವಿದೆ. ಕಂಬ ಅಡ್ಡ ಬರುತ್ತದೆ, ಯಾರದೋ ಅರ್ಧ ಮುಖ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ, ಕನ್ನಡಿಯಲ್ಲೋ ಕಾರಿನ ಗಾಜಿನಲ್ಲೋ ಇನ್ನೊಂದು ಊರು ಕಾಣುತ್ತದೆ. ನದಿಯೂ ಇದೆ, ಪ್ಲಾಸ್ಟಿಕ್ಕೂ ಇದೆ. ಇಂಥ ಚಿತ್ರವೊಂದನ್ನು ಇವತ್ತು ಸ್ಪರ್ಧೆಗೆ ಕಳಿಸಿದರೆ ‘ಹಿನ್ನೆಲೆ ಶುಚಿಯಾಗಿಲ್ಲ, ಅಂಚಿನಲ್ಲಿ ಕೈ ಕತ್ತರಿಸಿದೆ’ ಎಂದು ಪಕ್ಕಕ್ಕಿಡುತ್ತಾರೆ.

ಶುಚಿ ಹಿನ್ನೆಲೆಯ ಹುಚ್ಚು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು 2016ರಲ್ಲಿ ಜಗತ್ತಿಗೇ ಕಂಡಿತು. ಭಾರತದ ಸಾಧು, ಮಳೆ, ಹೋಳಿಗಳ ಚಿತ್ರಗಳಿಂದ ಹೆಸರಾದ ಸ್ಟೀವ್ ಮೆಕರಿಯ ಪ್ರದರ್ಶನ ಇಟಲಿಯಲ್ಲಿ ನಡೆದಾಗ, ಕ್ಯೂಬಾದ ಬೀದಿಯ ಒಂದು ಚಿತ್ರದಲ್ಲಿ ಕಂಬದ ತುಂಡು ಜಾಗ ತಪ್ಪಿ ಕೂತಿರುವುದನ್ನು ನೋಡುಗರೊಬ್ಬರು ಹಿಡಿದರು. ಹುಡುಕಿದರೆ ಬೇರೆ ಚಿತ್ರಗಳಲ್ಲಿ ಮನುಷ್ಯರೇ ಮಾಯವಾಗಿದ್ದರು. ತಾನು ಸುದ್ದಿ ಛಾಯಾಗ್ರಾಹಕನಲ್ಲ, ಚಿತ್ರದಲ್ಲಿ ಕಥೆ ಹೇಳುವವನು ಎಂಬುದು ಮೆಕರಿಯ ಸಮಜಾಯಿಷಿಯಾಗಿತ್ತು. ಅದೇ ವರ್ಷ, ಈ ಪ್ರಕರಣ ಹೊರಬೀಳುವ ಮೊದಲೇ, ಲೇಖಕ ತೇಜು ಕೋಲ್ ಮೆಕರಿಯ ಭಾರತವನ್ನೂ ರಘುಬೀರ್ ಸಿಂಗರ ಭಾರತವನ್ನೂ ಎದುರುಬದುರು ಇಟ್ಟು, ಮೊದಲನೆಯದರ ಅತಿಯಾದ ಅಚ್ಚುಕಟ್ಟೇ ಅದರ ರೋಗ ಎಂದು ಬರೆದಿದ್ದರು. ಬೆಂಗಳೂರಿನ ಫೋಟೊ ಟೂರುಗಳ ಗುರುಪೀಠದಲ್ಲಿ ಇಂದಿಗೂ ಮೆಕರಿಯೇ ಕೂತಿರುವುದನ್ನು ನೋಡಿದರೆ ಆ ಬರಹ ಇತ್ತ ಬಂದೇ ಇಲ್ಲ ಎನ್ನಬೇಕು.

ಈ ರುಚಿಯನ್ನು ಸಾಕುವ ಫೋಟೊ ಸ್ಪರ್ಧೆಗಳ ವ್ಯವಸ್ಥೆಗೆ ಸಲೂನ್ ಎಂದು ಹೆಸರು. ಸಲೂನ್ ಎಂದರೆ ಕನ್ನಡಿಗರಿಗೆ ಕ್ಷೌರದಂಗಡಿ. ಎರಡೂ ಕಡೆ ತಲೆ ಯಾರದೇ ಇರಲಿ, ಗೋಡೆಯ ಮೇಲಿನ ಪಟದಲ್ಲಿದ್ದಂತೆ ಕತ್ತರಿಸಿ ಕಳಿಸುತ್ತಾರೆ. ಇಂತಿಷ್ಟು ದೇಶಗಳ ಇಂತಿಷ್ಟು ಸಲೂನುಗಳಲ್ಲಿ ಚಿತ್ರ ಆಯ್ಕೆಯಾದರೆ ಹೆಸರಿನ ಮುಂದೆ ಬಿರುದಾಗಿ ಎಎಫ್‌ಐಎಪಿ, ಇನ್ನಷ್ಟಾದರೆ ಇಎಫ್‌ಐಎಪಿ, ಆಮೇಲೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ, ವಜ್ರ. ಒಡವೆ ಅಂಗಡಿಯ ಚೀಟಿಯಂತೆ ಕಂತು ಕಟ್ಟುತ್ತ ಹೋದರೆ ಆಯಿತು. ಕರ್ನಾಟಕದಲ್ಲಿ ಈ ಪರಂಪರೆ ಸಣ್ಣದಲ್ಲ. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದೇ 1971ರಲ್ಲಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥವರೂ ಇದೇ ಲೋಕದಲ್ಲಿ ಹೆಸರು ಮಾಡಿದರು. ಆದರೆ ಅವರು ಕಾದು ಕೂತದ್ದು ಹಕ್ಕಿ-ಪ್ರಾಣಿಗಳಿಗಾಗಿ. ಗೂಬೆ ನೂರು ರೂಪಾಯಿಗೆ ಚಿಲುಮೆ ಸೇದಿ ತೋರಿಸುವುದಿಲ್ಲ.

ಕಾಶಿಯ ವಿಷಯದಲ್ಲಿ ಕನ್ನಡಿಗರಿಗೆ ಹೆಚ್ಚಿನ ಹೊಣೆ ಇದೆ. ಹರಿಶ್ಚಂದ್ರ ಘಾಟಿನ ಮಗ್ಗುಲಲ್ಲೇ ಇರುವುದು ಕರ್ನಾಟಕ ಘಾಟು, ಮೈಸೂರು ಸಂಸ್ಥಾನ ಕಟ್ಟಿಸಿದ್ದು. ಹರಿಶ್ಚಂದ್ರನನ್ನು ಕನ್ನಡಕ್ಕೆ ತಂದದ್ದು ರಾಘವಾಂಕ. ವೀರಬಾಹುಕನ ಆಳಾಗಿ ಸುಡುಗಾಡು ಕಾಯುತ್ತಿದ್ದ ಅರಸ, ಸ್ವಂತ ಮಗ ಲೋಹಿತಾಶ್ವನ ಹೆಣಕ್ಕೂ ತೆರೆ ಕೊಡದೆ ಬೆಂಕಿ ಇಡಬಾರದೆಂದು ಹೆಂಡತಿಯನ್ನು ತಡೆದ ಜಾಗ ಹರಿಶ್ಚಂದ್ರ ಘಾಟು. ಅದೇ ಜಾಗದಲ್ಲಿ ಕ್ಯಾಮೆರಾದವನು ಮೆಟ್ಟಿಲ ಮರೆಗೆ ನಿಂತು, ಉದ್ದ ಲೆನ್ಸು ಚಾಚಿ, ಪರರ ಹೆಣವನ್ನು ಪುಕ್ಕಟೆಯಾಗಿ ಹೊತ್ತೊಯ್ಯುತ್ತಾನೆ. ಚಿತೆಯ ಫೋಟೊ ತೆಗೆಯಬಾರದು ಎಂಬ ನಡಾವಳಿ ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿರುವುದರಿಂದಲೇ ಲೆನ್ಸು ಅಷ್ಟು ಉದ್ದ.

ಕಾಶಿಗೆ ಹೋದವರು ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲೇ ಬಿಟ್ಟು ಬರಬೇಕೆಂಬುದು ಕನ್ನಡದ ಮನೆಗಳಲ್ಲಿ ನಡೆದುಬಂದ ಪದ್ಧತಿ. ಬಿಟ್ಟದ್ದನ್ನು ಆಮೇಲೆ ಬಾಳೆಲ್ಲ ಮುಟ್ಟುವಂತಿಲ್ಲ. ಅಜ್ಜಿಯರು ಮಾವಿನಹಣ್ಣು ಬಿಟ್ಟು ಬಂದಿದ್ದಾರೆ. ಅಜ್ಜಂದಿರು ಹೆಚ್ಚಾಗಿ ಹಾಗಲಕಾಯಿಯನ್ನೇ ಬಿಟ್ಟಿದ್ದಾರೆ ಎಂಬುದು ಬೇರೆ ಮಾತು. ಫೋಟೊ ಟೂರಿನವರು ಮಾತ್ರ ಏನನ್ನೂ ಬಿಡುವುದಿಲ್ಲ. ಸಾಧುವನ್ನು ಬಿಡಲೊಲ್ಲರು, ಹೊಗೆಯನ್ನು ಬಿಡಲೊಲ್ಲರು. ದೃಷ್ಟಿ ಎಂಬ ಪದವನ್ನು ಗಂಭೀರವಾಗಿ ಬಳಸುವ ಯಾವ ಕಲೆಯಲ್ಲೂ ಮೊದಲ ಕೆಲಸ ಇದೇ: ಕೈಗೆ ತಾನಾಗಿ ಬರುವುದನ್ನು ಬಿಡುವುದು.

ಕೂರಿಸಿ ತೆಗೆದದ್ದೇ ತಪ್ಪೆಂದರೆ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ಇಡೀ ಕೆಲಸವನ್ನು ಹೊಳೆಗೆ ಹಾಕಬೇಕಾಗುತ್ತದೆ. ಶಿಲ್ಪ ಕಲಿತ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ಹೆಂಗಸರನ್ನು ಕುರಿತ ಚಿತ್ರಮಾಲೆ ಮಾಡಿದರು. ಅದರಲ್ಲಿ ಎಲ್ಲವೂ ವೇಷವೇ. ರವಿವರ್ಮನ ಲಕ್ಷ್ಮಿಯಾಗಿ ಅವರೇ ನಿಂತರು. ಬ್ರಿಟಿಷರು ಬುಡಕಟ್ಟಿನ ಜನರ ಮೈ ಅಳೆಯಲು ಹಿಂದೆ ಹಿಡಿಯುತ್ತಿದ್ದ ಚೌಕಳಿ ಪರದೆಯ ಮುಂದೆ ತೋಡ ಹೆಂಗಸಾಗಿಯೂ ಅವರೇ ನಿಂತರು. ಪರದೆ ಕಾಣುತ್ತದೆ, ಬಣ್ಣ ಕಾಣುತ್ತದೆ. ಹೆಣ್ಣನ್ನು ಹೀಗೆ ನಿಲ್ಲಿಸಿ ನೋಡಿದ ಕಣ್ಣು ಯಾರದು ಎಂಬ ಪ್ರಶ್ನೆ ಆ ಪರದೆಯಿಂದಲೇ ಏಳುತ್ತದೆ. ಅಸ್ಸಿಯ ದೋಣಿಯಲ್ಲಿ ಕೂತ ಕೇಸರಿ ಮುದುಕನ ಚಿತ್ರದಲ್ಲಿ ಪರದೆಯೂ ಇಲ್ಲ, ಸೇವ್ ಪೊಟ್ಟಣವೂ ಇಲ್ಲ, ಉಳಿದ ಹನ್ನೊಂದು ಕ್ಯಾಮೆರಾಗಳೂ ಇಲ್ಲ. ಪುಷ್ಪಮಾಲಾ ಆಡಿದ್ದು ನಾಟಕ, ನಾಟಕವೆಂದು ಹೇಳಿಯೇ ಆಡಿದರು. ದೋಣಿಯದು ನಾಟಕವಾಡಿ ದೇವರು ಪ್ರತ್ಯಕ್ಷನಾದ ಎಂದು ಕಾಣಿಕೆ ಎತ್ತುವ ಕೆಲಸ.

ಇಷ್ಟೆಲ್ಲ ಕ್ಯಾಮೆರಾಗಳು ವರ್ಷವಿಡೀ ಒಂದು ಊರನ್ನು ಮುತ್ತಿಕೊಂಡಿರುವಾಗ ಆ ಊರು ಮಾತ್ರ ಕಣ್ಣೆದುರೇ ಕರಗುತ್ತಿದೆ. ವಿಶ್ವನಾಥ ಕಾರಿಡಾರಿಗಾಗಿ ಮುನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೊಂಡು ಕೆಡವಿದರು, 2021ರ ಡಿಸೆಂಬರ್ 13ರಂದು ಉದ್ಘಾಟನೆಯಾಯಿತು. ಮಣಿಕರ್ಣಿಕೆಯ ಬೆನ್ನಿಗಿದ್ದ ಹಲವು ಗಲ್ಲಿಗಳು ಈಗಿಲ್ಲ. ಹೊಗೆಯ ಕಡೆ ಲೆನ್ಸು ತಿರುಗಿಸಿ ನಿಂತವರಿಗೆ ಬೆನ್ನ ಹಿಂದಿನ ಧೂಳು ಕಾಣಲಿಲ್ಲ. ಲಂಕಾದಲ್ಲಿ 2017ರ ಸೆಪ್ಟೆಂಬರಿನಲ್ಲಿ, ಕಿರುಕುಳದ ವಿರುದ್ಧ ವಿದ್ಯಾರ್ಥಿನಿಯರು ಸಿಂಹದ್ವಾರದ ಮುಂದೆ ಕೂತರು; ಲಾಠಿಯಲ್ಲಿ ಅದು ಮುಗಿಯಿತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿಯಾಗಿದ್ದ ವಿಶ್ವವಿದ್ಯಾಲಯದ ಬಾಗಿಲು ಅದು. 2025ರ ಜೂನ್‌ನಲ್ಲಿ ರಸ್ತೆ ಅಗಲ ಮಾಡಲೆಂದು ಲಂಕಾದ ರವಿದಾಸ್ ಗೇಟಿನ ಬಳಿಯ ಅಂಗಡಿಸಾಲು ನೆಲಕ್ಕುರುಳಿತು. ಪಹಲ್ವಾನ್ ಲಸ್ಸಿಯೂ ಹೋಯಿತು, ಬೈಗುಳದ ಜೊತೆ ಕಚೋರಿ ಬಡಿಸುವುದಕ್ಕೆ ಹೆಸರಾಗಿದ್ದ ಚಾಚಿಯ ಅಂಗಡಿಯೂ ಹೋಯಿತು. ಇವನ್ನೆಲ್ಲ ಎತ್ತಿದರೆ ‘ಅದು ಸುದ್ದಿ, ಕಲೆಯಲ್ಲ’ ಎಂಬ ತೀರ್ಪು ಬರುತ್ತದೆ. ಹಾಗಾದರೆ ಸೇವ್ ತಿನ್ನುವ ಸೀಗಲ್ಲು ಯಾವ ಲೆಕ್ಕದಲ್ಲಿ ಕಲೆ?

ಲಂಕಾದಲ್ಲಿ ಛಾಯಾಚಿತ್ರಕ್ಕೆ ಕೆಲಸವಿದೆ. ಅರ್ಜಿ ತುಂಬಲು ಬಂದ ಹುಡುಗರು ಸ್ಟುಡಿಯೊದ ಬೆಂಚಿನ ಮೇಲೆ ಕೂತು, ಕೂದಲಿಗೆ ನೀರು ಹಚ್ಚಿ, ಅಂಗಿಯ ಮೇಲಿನ ಗುಂಡಿ ಹಾಕಿ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಸರ್ ಸುಂದರಲಾಲ್ ಆಸ್ಪತ್ರೆಗೆ ಪೂರ್ವ ಉತ್ತರ ಪ್ರದೇಶದಿಂದಲೂ ಬಿಹಾರದಿಂದಲೂ ಬಂದವರು ಔಷಧಿ ಅಂಗಡಿಗಳ ಸಾಲಿನ ಮುಂದೆ ನಿಂತಿರುತ್ತಾರೆ. ಅವರ ಕಂಕುಳಲ್ಲಿ ದೊಡ್ಡ ಕಂದು ಲಕೋಟೆ. ರೋಗಿಯ ಕಡೆಯವರು ಅದರೊಳಗಿನ ಎಕ್ಸ್‌ರೇ ಹಾಳೆಯನ್ನು ಎಳೆದು, ಎರಡೂ ಕೈಯಿಂದ ಮೂಲೆ ಹಿಡಿದು, ಬಿಸಿಲಿಗೆ ಎತ್ತಿ ನೋಡುತ್ತಾರೆ. ಓದಲು ಬರುವುದಿಲ್ಲ, ಆದರೂ ನೋಡುತ್ತಾರೆ, ಪಕ್ಕದವರಿಗೆ ತೋರಿಸುತ್ತಾರೆ, ಮೇಲೆ ಕೆಳಗೆ ತಿರುಗಿಸುತ್ತಾರೆ. ನಡು ರಸ್ತೆಯಲ್ಲಿ ಇ-ರಿಕ್ಷಾಗಳು ‘ಅಸ್ಸಿ, ಅಸ್ಸಿ’ ಎಂದು ಕೂಗಿ ಗಿರಾಕಿ ಹತ್ತಿಸಿಕೊಳ್ಳುತ್ತಿರುತ್ತವೆ.