ಹಗ್ಗ, ಹಾವು, ದೀಪ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲ ಬಂದಾಗಲೆಲ್ಲ ನನಗೆ ಹಳೆಯ ವಿದ್ಯಾರ್ಥಿಯೊಬ್ಬನ ನೆನಪಾಗುತ್ತದೆ. ನಾನು ಉಪಾಧ್ಯಾಯನಾಗಿದ್ದ ದಿನಗಳವು. ಒಂದು ವಿಷಯದಲ್ಲಿ ತೇರ್ಗಡೆಯಾಗದ ಆ ಹುಡುಗ ನನ್ನೆದುರು ನಿಂತು, "ನಾನು ಯಾವುದಕ್ಕೂ ಬಾರದವನು ಸಾರ್" ಎಂದ. "ಛೆ, ಹಾಗೆನ್ನಬೇಡ, ಧೈರ್ಯ ತಂದುಕೊ" ಎಂದು ಬೆನ್ನು ತಟ್ಟಿ ಕಳುಹಿಸಿದೆ. ಆತ ಮತ್ತೆ ತರಗತಿಗೆ ಬರಲಿಲ್ಲ. ನನ್ನ ಮಾತು ಎಷ್ಟು ಬಡವಾಗಿತ್ತೆಂಬುದು ತಿಳಿದದ್ದು ಬಹಳ ತಡವಾಗಿ, ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಚಿಕಿತ್ಸಾಕ್ರಮದ ಬಗೆಗೆ ಓದಿದಾಗ. ಆಲೋಚನೆ ಮತ್ತು ನಡತೆಗಳ ಮೂಲಕ ಮನಸ್ಸನ್ನು ನೇರ್ಪಡಿಸುವ ಚಿಕಿತ್ಸೆ ಎಂದು ಅದನ್ನು ಕನ್ನಡಿಸಬಹುದು.

ಇದಕ್ಕೆ ತಳಹದಿ ಹಾಕಿದವರಲ್ಲಿ ಪ್ರಮುಖರು ಅಮೆರಿಕದ ಆರನ್ ಬೆಕ್ (1921-2021). ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಮನೋವೈದ್ಯರಾಗಿದ್ದ ಅವರು ಫ್ರಾಯ್ಡ್ ಪರಂಪರೆಯ ಮನೋವಿಶ್ಲೇಷಣೆಯಲ್ಲಿ ಶಿಕ್ಷಣ ಪಡೆದವರು. 1960ರ ದಶಕದಲ್ಲಿ ಖಿನ್ನತೆಯ ರೋಗಿಗಳ ಮಾತನ್ನು ಆಲಿಸುತ್ತಿದ್ದಾಗ ಅವರಿಗೊಂದು ಸಂಗತಿ ಹೊಳೆಯಿತು. ರೋಗಿ ಬಾಯಲ್ಲಿ ಏನನ್ನೋ ಹೇಳುತ್ತಿರುವಾಗಲೇ ಅವನೊಳಗೆ ಬೇರೊಂದು ಯೋಚನಾಧಾರೆ ಹರಿಯುತ್ತಿರುತ್ತದೆ. 'ನಾನು ನಿಷ್ಪ್ರಯೋಜಕ', 'ಎಲ್ಲರಿಗೂ ನಾನೊಂದು ಹೊರೆ' ಎಂಬಂಥ ಯೋಚನೆಗಳು ಕರೆಯದೆಯೇ ಬರುತ್ತವೆ. ಸತ್ಯದ ವೇಷ ತೊಟ್ಟೇ ಬರುತ್ತವೆ. ಬೆಕ್ ಇವುಗಳನ್ನು 'ತಾವಾಗಿ ಮೂಡುವ ಆಲೋಚನೆ'ಗಳೆಂದು ಕರೆದರು. ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲೇ ಇಂಥದೇ ಹಾದಿ ತುಳಿದಿದ್ದರು.

ಹಗ್ಗವನ್ನು ಹಾವೆಂದು ಬಗೆದು ನಡುಗುವವನ ದೃಷ್ಟಾಂತ ನಮಗೆ ಹೊಸದಲ್ಲ. ಅವನಿಗೆ 'ಹೆದರಬೇಡ' ಎಂದರೆ ನಡುಕ ನಿಲ್ಲುವುದೆ? ದೀಪ ತರಬೇಕು, ಅವನೇ ನೋಡಬೇಕು. ಚಿಕಿತ್ಸಕ ಮಾಡುವುದು ಇದನ್ನೇ. ಅವನು ಉಪದೇಶಿಸುವುದಿಲ್ಲ, ಪ್ರಶ್ನಿಸುತ್ತಾನೆ. ನಡೆದದ್ದೇನು, ಆಗ ಮನಸ್ಸಿಗೆ ಬಂದ ಯೋಚನೆ ಯಾವುದು, ಅದಕ್ಕೆ ಸಾಕ್ಷ್ಯವೇನು, ವಿರುದ್ಧ ಸಾಕ್ಷ್ಯವೇನು ಎಂಬುದನ್ನು ರೋಗಿಯೇ ಒಂದು ಪುಸ್ತಕದಲ್ಲಿ ಬರೆದು ತರುತ್ತಾನೆ. ಹೀಗೆ ವಾರಕ್ಕೊಮ್ಮೆಯಂತೆ, ಸಾಮಾನ್ಯವಾಗಿ 12ರಿಂದ 20 ಭೇಟಿಗಳು ನಡೆಯುತ್ತವೆ.

ಆದರೆ ಯೋಚನೆಯ ಪರೀಕ್ಷೆ ಅರ್ಧ ಕೆಲಸ ಮಾತ್ರ, ಉಳಿದರ್ಧ ನಡತೆಯದು. 'ಮನಸ್ಸಿದ್ದರೆ ಮಾರ್ಗ' ಎನ್ನುತ್ತೇವೆ. ಖಿನ್ನನಾದವನಿಗೆ ಇಲ್ಲದಿರುವುದೇ ಆ ಮನಸ್ಸು. ಅದು ಬರಲೆಂದು ಕಾಯದೆ, ಸ್ನಾನ ಮಾಡುವುದು, ಬೀದಿಯ ಕೊನೆಯವರೆಗೆ ನಡೆದು ಬರುವುದು, ಇಂಥ ಸಣ್ಣ ಕೆಲಸಗಳನ್ನು ಗೊತ್ತುಮಾಡಿಕೊಂಡು ಮಾಡಿದರೆ ಉತ್ಸಾಹ ಹಿಂದಿನಿಂದ ಬರುತ್ತದೆ. ಗೋವೆಯಲ್ಲಿ ವೈದ್ಯರಲ್ಲದ, ಆದರೆ ತರಬೇತಿ ಪಡೆದ ಸಲಹೆಗಾರರು ಈ ನಡತೆಯ ಕ್ರಮವನ್ನೇ ಅನುಸರಿಸಿ ಖಿನ್ನತೆಯ ರೋಗಿಗಳಿಗೆ ನೆರವಾದುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದೇ: ಎಲ್ಲ ಹಾವುಗಳೂ ಹಗ್ಗಗಳಲ್ಲ. ಬಡತನ, ಅವಮಾನ, ಆಪ್ತರ ಸಾವು ಇವು ಭ್ರಮೆಗಳೆ? ಅಲ್ಲ, ಅವನ್ನು ಭ್ರಮೆಯೆಂದು ಹೇಳುವುದು ಈ ಚಿಕಿತ್ಸೆಯ ಉದ್ದೇಶವೂ ಅಲ್ಲ. ಎಲ್ಲವೂ ಒಳ್ಳೆಯದೇ ಎಂದು ಜಪಿಸುವ ವಿದ್ಯೆಯೂ ಇದಲ್ಲ. ದೀಪದ ಬೆಳಕಿನಲ್ಲಿ ಕಂಡದ್ದು ಹಾವೇ ಆದರೆ, ಮುಂದೇನು ಮಾಡಬಹುದೆಂಬ ಪ್ರಶ್ನೆ ಏಳುತ್ತದೆ. ತೀವ್ರ ಕಾಯಿಲೆಯಲ್ಲಿ ಔಷಧವೂ ಬೇಕಾಗಬಹುದು; ಎಲ್ಲರಿಗೂ ಗುಣ ಸಿಕ್ಕೀತೆಂಬ ಭರವಸೆಯೂ ಇಲ್ಲ. ಆದರೂ ಖಿನ್ನತೆಯಲ್ಲಿ ಇದರ ಫಲ ಅನೇಕರಲ್ಲಿ ಔಷಧದ ಫಲಕ್ಕೆ ಸಮನಾಗಿದೆ. ಕಲಿತ ವಿದ್ಯೆ ಕೈಯಲ್ಲಿ ಉಳಿಯುವುದರಿಂದಲೋ ಏನೋ, ಚಿಕಿತ್ಸೆ ಮುಗಿದ ಮೇಲೆ ಕಾಯಿಲೆ ಮರುಕಳಿಸುವುದು, ಔಷಧವನ್ನಷ್ಟೇ ಸೇವಿಸಿ ನಿಲ್ಲಿಸಿದವರಿಗಿಂತ ಕಡಮೆ.

ಉಪಾಧ್ಯಾಯರು ಚಿಕಿತ್ಸಕರಾಗಬೇಕಿಲ್ಲ, ಆಗಲೂಬಾರದು. ಕೇಳಿಸಿಕೊಳ್ಳಲು ಹತ್ತು ನಿಮಿಷ ಕೊಟ್ಟು, ಬಲ್ಲವರ ಬಳಿಗೆ ದಾರಿ ತೋರಿದರೆ ಸಾಕು. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಶುಲ್ಕವಿಲ್ಲ.

ಆ ಹುಡುಗ ಈ ದಿನ ನನ್ನೆದುರು ಬಂದರೆ ಬೆನ್ನು ತಟ್ಟಿ ಕಳುಹಿಸಲಾರೆ. ಕುಳ್ಳಿರಿಸಿಕೊಂಡು ಮೊದಲು ಅವನ ಮಾತನ್ನೆಲ್ಲ ಕೇಳುತ್ತೇನೆ. ಆಮೇಲೆ, ತೇರ್ಗಡೆಯಾದ ವಿಷಯಗಳು ಎಷ್ಟೆಂದು ಅವನನ್ನೇ ಎಣಿಸಹೇಳುತ್ತೇನೆ.