ಮೊದಲು ಠಾಣೆಯೊಳಗೆ ಕ್ಯಾಮೆರಾ ಇಡಿ

ತಪ್ಪು ಮಾಡದವನಿಗೆ ಕ್ಯಾಮೆರಾ ಕಂಡರೆ ಭಯವೇಕೆ? ಬೆಂಗಳೂರಿನಲ್ಲಿ ಎಲ್ಲಿ ಸರ ಕಿತ್ತರೂ, ಎಲ್ಲಿ ಹೆಣ್ಣುಮಗಳ ಮೈಮೇಲೆ ಕೈ ಹಾಕಿದರೂ ಮರುದಿನ ಬೆಳಿಗ್ಗೆ ಈ ಪ್ರಶ್ನೆ ಎದ್ದು ಕೂರುತ್ತದೆ. ಮಂತ್ರಿಗಳು ಕೇಳುತ್ತಾರೆ, ಟಿವಿ ಆಂಕರ್‌ಗಳು ಕೇಳುತ್ತಾರೆ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಂತೂ ಕೇಳಿದ್ದನ್ನೇ ಕೇಳುತ್ತಾರೆ. ಪರಿಹಾರವೂ ಸಿದ್ಧ: ಇನ್ನಷ್ಟು ಸಿಸಿಟಿವಿ.

ಈಗಾಗಲೇ ಹಾಕಿರುವುದರ ಲೆಕ್ಕ ಕೊಡಿ ಸ್ವಾಮಿ. ದೆಹಲಿಯ ಆ ಹುಡುಗಿ ಸತ್ತ ಮೇಲೆ 2013ರಲ್ಲಿ ಹುಟ್ಟಿದ್ದು ನಿರ್ಭಯಾ ನಿಧಿ. ಅದರಡಿ ಬೆಂಗಳೂರಿನ ಸೇಫ್ ಸಿಟಿ ಯೋಜನೆಗೆ ಮಂಜೂರಾದದ್ದು 667 ಕೋಟಿ ರೂಪಾಯಿ. ಸಾವಿರಾರು ಕ್ಯಾಮೆರಾ, ಮುಖ ಗುರುತಿಸುವ ತಂತ್ರಾಂಶ, ಡ್ರೋನ್, 2023ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವರೇ ಬಂದು ಉದ್ಘಾಟಿಸಿದ ಕಮಾಂಡ್ ಸೆಂಟರ್. ಗೋಡೆ ತುಂಬ ಪರದೆ!

ಆಮೇಲೇನಾಯಿತು? 2025ರ ಏಪ್ರಿಲ್‌ನ ಒಂದು ನಡುರಾತ್ರಿ ಸುದ್ದಗುಂಟೆಪಾಳ್ಯದ ಬೀದಿಯಲ್ಲಿ ಇಬ್ಬರು ಯುವತಿಯರ ಬೆನ್ನು ಹತ್ತಿ ಬಂದವನು ಒಬ್ಬಳ ಮೇಲೆ ಕೈ ಹಾಕಿ ಓಡಿದ. ಕ್ಯಾಮೆರಾ ಅದನ್ನು ಚಾಚೂ ತಪ್ಪದೆ ದಾಖಲಿಸಿಕೊಂಡಿತು. ಇಷ್ಟು ದೊಡ್ಡ ಊರಿನಲ್ಲಿ ಅಲ್ಲೊಂದು ಇಲ್ಲೊಂದು ಇಂಥವು ಆಗುತ್ತವೆ ಎಂದ ರಾಜ್ಯದ ಗೃಹ ಸಚಿವರು ಬೈಸಿಕೊಂಡು ವಿಷಾದ ಹೇಳಬೇಕಾಯಿತು. ಪೊಲೀಸರು ಫುಟೇಜ್ ಜಾಲಾಡಿ ಆರೋಪಿಯನ್ನು ಕೇರಳದಲ್ಲಿ ಹಿಡಿದರು. ಶಹಬ್ಬಾಸ್. ಹಿಡಿದದ್ದು ಸರಿ, ತಡೆದದ್ದು ಎಲ್ಲಿ? ಸೇಫ್ ಸಿಟಿ ಎಂದು ಬೋರ್ಡು ಹಾಕಿಕೊಂಡದ್ದು ತಡೆಯುತ್ತೇವೆ ಎಂದು ತಾನೆ?

ಅದೇ ವರ್ಷ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಊರಿನ ನಟ್ಟನಡುವೆ, ಹಾಡುಹಗಲು. ಜನ ಕಿಕ್ಕಿರಿಯುತ್ತಿರುವುದು ಕಬ್ಬನ್ ಪಾರ್ಕ್ ಮೆಟ್ರೊ ಮೆಟ್ಟಿಲ ಮೇಲೆ ನಿಂತವನಿಗೂ ಕಾಣುತ್ತಿತ್ತು. ಅದಕ್ಕೆ ಕೃತಕ ಬುದ್ಧಿಮತ್ತೆ ಬೇಕಿರಲಿಲ್ಲ. ನವೆಂಬರ್‌ನಲ್ಲಿ ಆರ್‌ಬಿಐ ಅಧಿಕಾರಿಗಳೆಂದು ಹೇಳಿಕೊಂಡು ಬಂದವರು ಎಟಿಎಂಗೆ ಹಣ ಒಯ್ಯುವ ವಾಹನ ತಡೆದು 7.11 ಕೋಟಿ ದೋಚಿದರು. ಬಂಧಿತರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್. ಯಾವ ಕಂಬದಲ್ಲಿ ಕ್ಯಾಮೆರಾ ಇದೆ, ಯಾವುದರಲ್ಲಿಲ್ಲ ಎಂಬುದು ಇಲಾಖೆಯವರಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ!

ನಾಲ್ಕು ದಶಕಗಳ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಅಪರಾಧಶಾಸ್ತ್ರಜ್ಞರು 2019ರಲ್ಲಿ ಒಂದು ಲೆಕ್ಕ ಕೊಟ್ಟರು. ಕ್ಯಾಮೆರಾ ಇದ್ದಲ್ಲಿ ಅಪರಾಧ ಇಳಿದದ್ದು ಶೇ 13. ಹೆಚ್ಚು ಫಲ ಕಂಡದ್ದು ಕಾರ್ ಪಾರ್ಕಿಂಗ್ ಜಾಗಗಳಲ್ಲಿ. ಹಲ್ಲೆಯಂಥ ಹಿಂಸಾಕೃತ್ಯಗಳ ಮೇಲೆ ಹೇಳಿಕೊಳ್ಳುವ ಪರಿಣಾಮವೇ ಇಲ್ಲ. ಅಂದರೆ ನಿರ್ಭಯಾ ಹೆಸರಿನಲ್ಲಿ 667 ಕೋಟಿ ಮಂಜೂರು ಮಾಡಿಸಿಕೊಂಡು ನಾವು ತಂದ ಕಾವಲುಗಾರ ಚೆನ್ನಾಗಿ ಕಾಯುವುದು ನಿಲ್ಲಿಸಿದ ಕಾರನ್ನು.

ಟೆಂಡರ್ ಕರೆಯಲು ಬರುವುದು ಮಾತ್ರ ಪರಿಹಾರ ಎಂದು ನಂಬಿದ ಊರು ಇದು. ಕೆಟ್ಟ ಬೀದಿದೀಪ ಬದಲಿಸಿದರೆ ಉದ್ಘಾಟನೆ ಇಲ್ಲ. ರಾತ್ರಿ ಹನ್ನೊಂದರ ಮೇಲೆ ನಾಲ್ಕು ಬಿಎಂಟಿಸಿ ಬಸ್ ಹೆಚ್ಚಿಗೆ ಬಿಟ್ಟರೆ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳಲಾಗದು. ಬೀಟ್ ಪೊಲೀಸರನ್ನು ಹೆಚ್ಚಿಸಿದರೆ ಸಂಬಳ ಕೊಡಬೇಕು, ಕಮಿಷನ್ ಬರುವುದಿಲ್ಲ. ನಡೆಯಲು ಫುಟ್‌ಪಾತ್ ಇಲ್ಲದ ಊರಿಗೆ ಸುರಂಗ ರಸ್ತೆ ಬೇಕು ಎನ್ನುವವರೂ ಇದೇ ಜನ. ದೂರು ಕೊಡಲು ಹೋದವಳಿಗೆ ‘ಇದು ನಮ್ಮ ಲಿಮಿಟ್ಸ್ ಅಲ್ಲಮ್ಮ’ ಎನ್ನುವ ಬಾಯಿಯನ್ನು ಯಾವ ತಂತ್ರಾಂಶ ಮುಚ್ಚಿಸುತ್ತದೆ?

ಕ್ಯಾಮೆರಾಕ್ಕೆ ಅಂಜಬಾರದು ಎನ್ನುವ ಇಲಾಖೆಯೇ ಅಂಜುವ ಜಾಗವೊಂದಿದೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ದೇಶದ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು. ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೋಣೆ, ಒಂದನ್ನೂ ಬಿಡಬಾರದು. ಮಾತೂ ದಾಖಲಾಗಬೇಕು, ಕತ್ತಲಲ್ಲೂ ಕಾಣಬೇಕು, 18 ತಿಂಗಳು ಉಳಿಸಬೇಕು. ಐದು ವರ್ಷ ಕಳೆಯುತ್ತ ಬಂದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ, ಠಾಣೆಗಳಲ್ಲಿ ಕೆಲಸ ಮಾಡುವ ಕ್ಯಾಮೆರಾಗಳಿಲ್ಲ ಎಂಬ ಪತ್ರಿಕಾ ವರದಿ ನೋಡಿ ಅದೇ ಕೋರ್ಟ್ ಸ್ವಯಂಪ್ರೇರಿತ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ರಾಜಸ್ಥಾನವೊಂದರಲ್ಲೇ ಎಂಟು ತಿಂಗಳಲ್ಲಿ 11 ಜನ ಪೊಲೀಸರ ವಶದಲ್ಲಿ ಸತ್ತಿದ್ದರು ಎಂದಿತ್ತು ಆ ವರದಿ. ಬ್ರಿಗೇಡ್ ರಸ್ತೆಯಲ್ಲಿ ಹೋಗುವವನ ಮುಖ ಕ್ಷಣದಲ್ಲಿ ಗುರುತಿಸುವ ವಿಜ್ಞಾನ ಠಾಣೆಯ ಬಾಗಿಲು ದಾಟಿದೊಡನೆ ಕೆಟ್ಟು ಕೂರುವುದು ಹೇಗೆ?

ಇನ್ನು ಖಾಸಗಿತನ. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದನ್ನು ಮೂಲಭೂತ ಹಕ್ಕು ಎಂದಿತು. ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ, 2023ರಲ್ಲಿ ಬಂದ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸರ್ಕಾರ ತನಗೇ ವಿನಾಯಿತಿ ಬರೆದುಕೊಂಡಿತು. ಮುಖ ಗುರುತಿಸಿ ಪಟ್ಟಿ ಮಾಡುವ ಪೊಲೀಸರಿಗೆ ಮೂಗುದಾರ ಹಾಕುವ ಪ್ರತ್ಯೇಕ ಕಾನೂನು ಇವತ್ತಿಗೂ ಇಲ್ಲ. ದೆಹಲಿ ಪೊಲೀಸರಿಗೆ ಶೇ 80ರಷ್ಟು ಹೋಲಿಕೆ ಸಿಕ್ಕರೆ ಸಾಕು, ಮುಖ ಸಿಕ್ಕಿತು ಎಂದೇ ಲೆಕ್ಕ. ಉಳಿದ ಇಪ್ಪತ್ತರೊಳಗೆ ಯಾರ ಮಗ ಜೈಲಿಗೆ ಹೋಗುತ್ತಾನೋ!

ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಜನ ಸೇರುವ ಹೋಟೆಲು, ಮಾಲುಗಳವರು ತಮ್ಮ ದುಡ್ಡಿನಲ್ಲಿ ಕ್ಯಾಮೆರಾ ಹಾಕಿಸಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು, ತಪ್ಪಿದರೆ ದಂಡ. 18 ತಿಂಗಳ ದೃಶ್ಯ ಇಟ್ಟುಕೊಳ್ಳದ ಠಾಣೆಗೆ ದಂಡ ಬಿದ್ದ ಸುದ್ದಿ ಓದಿದವರಿದ್ದರೆ ದಯವಿಟ್ಟು ತಿಳಿಸಿ.