ತಡವಾದರೆ ದಂಡ, ತಪ್ಪಾದರೆ?

2025ರ ಆಗಸ್ಟ್ ತಿಂಗಳ ಒಂದು ಸಂಜೆ ನಮ್ಮ ಬಡಾವಣೆಯ ಯುವಕನೊಬ್ಬ ಕೈಯಲ್ಲಿ ಒಂದಿಷ್ಟು ಕಾಗದ ಹಿಡಿದು ಮನೆಗೆ ಬಂದಿದ್ದ. ಸರ್ಕಾರಿ ಸೇವೆಯಿಂದ ನಿವೃತ್ತನಾದವನಿಗೆ ಸಕಲ ಅರ್ಜಿ, ನಮೂನೆಗಳ ಮರ್ಮವೂ ತಿಳಿದಿರುತ್ತದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಆತ ಖಾಸಗಿ ನರ್ಸಿಂಗ್ ಹೋಮ್ ಒಂದರ ಪ್ರಯೋಗಾಲಯದಲ್ಲಿ ಐದು ವರ್ಷಗಳಿಂದ ತಂತ್ರಜ್ಞ. ಬೆಳಿಗ್ಗೆ ಎಂಟಕ್ಕೆ ಬೆರಳಚ್ಚು ಒತ್ತಿ ಒಳಹೋದರೆ ಸಂಜೆ ಐದಕ್ಕೆ ಹೊರಬರುತ್ತಾನೆ. ರಜೆ ಬೇಕಾದರೆ ಮೇಲಿನವರ ಅನುಮತಿ ಬೇಕು. ತಿಂಗಳಿಗೆ 28,000 ರೂಪಾಯಿ ನಿಗದಿಯಾಗಿದ್ದರೂ ಕೈಗೆ ಬರುತ್ತಿದ್ದುದು 25,200. ಉಳಿದ 2,800 ಮೂಲದಲ್ಲಿ ಕಡಿತವಾದ ತೆರಿಗೆ.

ಅವನ ದೂರು ಸರಳವಾಗಿತ್ತು. ರಿಟರ್ನ್ ಸಲ್ಲಿಸಿ ಮರುಪಾವತಿ ಕೇಳಲು ಕುಳಿತಾಗ, ಹಿಂದಿನ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳ 8,400 ರೂಪಾಯಿ ಅವನ ತೆರಿಗೆ ಖಾತೆಯಲ್ಲಿ ಕಾಣಿಸುತ್ತಿರಲಿಲ್ಲ. ಆದರೆ ಕಾಗದಗಳನ್ನು ತಿರುವಿ ಹಾಕಿದಾಗ ನನಗೆ ಕಂಡದ್ದು ಇನ್ನೂ ದೊಡ್ಡ ದೋಷ. ಆ ಮೊತ್ತವನ್ನು ವೇತನವೆಂದೇ ತೋರಿಸಿರಲಿಲ್ಲ. ‘ವೃತ್ತಿಪರ ಶುಲ್ಕ’ ಎಂದು ನಮೂದಿಸಲಾಗಿತ್ತು. ವೇತನವೆಂದು ತೋರಿಸಿದ್ದರೆ 75,000 ರೂಪಾಯಿಯ ಪ್ರಮಾಣಿತ ಕಡಿತ ಕಳೆದು ಅವನ ವಾರ್ಷಿಕ ಆದಾಯ 2,61,000ಕ್ಕೆ ಇಳಿಯುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವರ್ಷ 3 ಲಕ್ಷದವರೆಗೆ ತೆರಿಗೆ ಇರಲಿಲ್ಲವಾದ್ದರಿಂದ ಒಂದು ಪೈಸೆಯೂ ಕಡಿತವಾಗುತ್ತಿರಲಿಲ್ಲ. ವೃತ್ತಿಪರನೆಂಬ ಹಣೆಪಟ್ಟಿಯಿಂದಾಗಿ ವರ್ಷಕ್ಕೆ 33,600 ರೂಪಾಯಿ ಕಡಿತವಾಗಿತ್ತು. ಭವಿಷ್ಯ ನಿಧಿ ಇಲ್ಲ, ಗ್ರಾಚ್ಯುಟಿಯ ಮಾತಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಿದರೆ ‘ಫಾರಂ 16 ತನ್ನಿ’ ಎನ್ನುತ್ತಾರೆ. ಅವನ ಬಳಿ ಇರುವುದು 16ಎ.

ಈ ಎರಡು ನಮೂನೆಗಳ ನಡುವಿನ ಅಂತರ ಒಂದು ಅಕ್ಷರದ್ದಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ಮಾಲೀಕ ತನ್ನ ನೌಕರರ ವೇತನದ ವಿವರವನ್ನು 24ಕ್ಯೂ ನಮೂನೆಯಲ್ಲಿಯೂ, ಗುತ್ತಿಗೆದಾರರು ಹಾಗೂ ವೃತ್ತಿಪರರಿಗೆ ಕೊಟ್ಟ ಹಣದ ವಿವರವನ್ನು 26ಕ್ಯೂ ನಮೂನೆಯಲ್ಲಿಯೂ ಮೂರು ತಿಂಗಳಿಗೊಮ್ಮೆ ಇಲಾಖೆಗೆ ಸಲ್ಲಿಸಬೇಕಿತ್ತು. ಮೊದಲನೆಯದರಿಂದ ಫಾರಂ 16 ಹುಟ್ಟಿದರೆ ಎರಡನೆಯದರಿಂದ 16ಎ. ಆ ಕಾಯ್ದೆಯ ಬದಲಿಗೆ ಸಂಸತ್ತು 2025ರಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರ ಜಾರಿಯ ದಿನ 2026ರ ಏಪ್ರಿಲ್ 1. ವೇತನದ ಮೇಲಿನ ಕಡಿತವನ್ನು 392ನೇ ಸೆಕ್ಷನ್ನಿಗೂ ಉಳಿದ ಬಹುತೇಕ ಕಡಿತಗಳನ್ನು 393ನೇ ಸೆಕ್ಷನ್ನಿಗೂ ತಂದಿರುವುದು ಸರಳೀಕರಣದ ದೃಷ್ಟಿಯಿಂದ ಸ್ವಾಗತಾರ್ಹ. ಆದರೆ ಸೆಕ್ಷನ್ನಿನ ಸಂಖ್ಯೆ ಬದಲಾದ ಮಾತ್ರಕ್ಕೆ, ಒಬ್ಬ ಮನುಷ್ಯನನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬ ತೀರ್ಮಾನ ಎಲ್ಲಿ, ಹೇಗೆ ಆಗುತ್ತದೆ ಎಂಬುದು ಬದಲಾಗುವುದಿಲ್ಲ.

ಆ ತೀರ್ಮಾನ ಆಗುವ ಸ್ಥಳವನ್ನು ನೋಡಲೆಂದೇ ನಾನು ಆ ಯುವಕನೊಡನೆ ನರ್ಸಿಂಗ್ ಹೋಮಿನ ‘ಆಡಿಟರ್’ ಬಳಿಗೆ ಹೋದೆ. ನಮ್ಮ ಊರುಗಳಲ್ಲಿ ತೆರಿಗೆಯ ಕೆಲಸ ಮಾಡುವವರೆಲ್ಲರೂ ಜನರ ಬಾಯಲ್ಲಿ ಆಡಿಟರುಗಳೇ. ಅವರಲ್ಲಿ ಲೆಕ್ಕಪರಿಶೋಧನೆಯ ಪರೀಕ್ಷೆ ಪಾಸಾದವರು ಕೆಲವರು, ಬಿ.ಕಾಂ. ಮುಗಿಸಿ ಯಾರದೋ ಕಚೇರಿಯಲ್ಲಿ ನಾಲ್ಕು ವರ್ಷ ದುಡಿದು ಸ್ವಂತ ಅಂಗಡಿ ತೆರೆದವರು ಹಲವರು. ಇಲಾಖೆಯ ಅಧಿಕಾರಿಯ ಮುಂದೆ ತೆರಿಗೆದಾರನ ಪರವಾಗಿ ಹಾಜರಾಗಲು ಕಾನೂನು ಅರ್ಹತೆಯನ್ನು ಗೊತ್ತುಪಡಿಸಿದೆ. ಟಿಡಿಎಸ್ ರಿಟರ್ನ್ ತುಂಬಿಸಿಕೊಡುವುದಕ್ಕೆ ಅಂಥ ಅರ್ಹತೆಯೇನೂ ಬೇಕಿಲ್ಲ.

ಅವರದು ಎರಡು ಮೇಜು, ಎರಡು ಕಂಪ್ಯೂಟರ್, ಒಬ್ಬ ಸಹಾಯಕಿ ಇರುವ ಕೋಣೆ. ಅರವತ್ತರಷ್ಟು ಗಿರಾಕಿಗಳು: ಔಷಧದಂಗಡಿ, ಶಾಲೆ, ಗಾರ್ಮೆಂಟ್ ಘಟಕ, ಕಟ್ಟಡ ಗುತ್ತಿಗೆದಾರ. ಮನುಷ್ಯ ಒಳ್ಳೆಯವರು, ನಮ್ಮ ಮಾತನ್ನು ಸಮಾಧಾನದಿಂದ ಕೇಳಿದರು. ಮೂರನೆಯ ತ್ರೈಮಾಸಿಕದ ವಿವರ ಸಲ್ಲಿಸಲು ಜನವರಿ 31 ಕಡೆಯ ದಿನ. ನರ್ಸಿಂಗ್ ಹೋಮಿನ ಪಟ್ಟಿ ವಾಟ್ಸ್‌ಆ್ಯಪಿನಲ್ಲಿ ಫೋಟೊ ರೂಪದಲ್ಲಿ ಬಂದದ್ದು 30ರ ರಾತ್ರಿ. ಅದನ್ನು ನೋಡಿ ಬೆರಳಚ್ಚು ಮಾಡುವಾಗ ಪ್ಯಾನ್ ಸಂಖ್ಯೆಯ ಒಂದು ಅಂಕಿ ತಪ್ಪಿತ್ತು. ಅದು ಮತ್ತೊಬ್ಬರ ಪ್ಯಾನ್ ಆಗಿದ್ದುದರಿಂದ ಕಡತ ಸಲೀಸಾಗಿ ಸ್ವೀಕೃತವಾಯಿತು. ಐದು ಅಕ್ಷರ, ನಾಲ್ಕು ಅಂಕಿ, ಕೊನೆಗೊಂದು ಅಕ್ಷರ ಇದೆಯೇ ಎಂದು ತಂತ್ರಾಂಶ ಪರೀಕ್ಷಿಸುತ್ತದೆ. ಆ ಸಂಖ್ಯೆ ದುಡಿದವನದೇ ಎಂಬುದನ್ನು ಅದು ಹೇಗೆ ಬಲ್ಲದು?

ವೇತನವನ್ನು ಶುಲ್ಕವೆಂದು ಏಕೆ ತೋರಿಸಿದಿರಿ ಎಂದು ಕೇಳಿದೆ. ‘ಸಾರ್, ಅವರು ಕಳಿಸಿದ ಪಟ್ಟಿಯಲ್ಲಿ ಹಾಗೇ ಇರುತ್ತೆ. ಮೊದಲ ವರ್ಷ ಕೇಳಿದ್ದೆ. ನಿಮ್ಮ ಕೆಲಸ ತುಂಬಿಸೋದು, ತುಂಬಿಸಿ ಅಂದ್ರು. ಇನ್ನೊಂದು ಸಲ ಕೇಳಿದ್ರೆ ಬೇರೆಯವರ ಹತ್ತಿರ ಹೋಗ್ತಾರೆ’ ಎಂದರು. ಈ ಮಾತಿನಲ್ಲಿ ಕಪಟವಿರಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಅದರಲ್ಲಿ ಕೇಳಿಸಿದ್ದು ಒಂದು ಮಾರುಕಟ್ಟೆಯ ನಿಯಮ. ಶುಲ್ಕ ಕೊಡುವವನು ಮಾಲೀಕ. ನಮೂನೆ ತುಂಬಿಸುವವನು ಆಡಿಟರ್. ಫಲ ಉಣ್ಣುವವನು ನೌಕರ. ಮೂವರಲ್ಲಿ ಆ ಕೋಣೆಯೊಳಗೆ ಎಂದೂ ಕಾಲಿಡದವನು ನೌಕರನೊಬ್ಬನೇ.

ಇನ್ನು ಕಾನೂನು ಯಾವುದಕ್ಕೆ ಬೆಲೆ ಕಟ್ಟಿದೆ ಎಂಬುದನ್ನು ನೋಡೋಣ. 2012ರ ಜುಲೈ 1ರಿಂದ, ಟಿಡಿಎಸ್ ವಿವರ ತಡವಾದರೆ ದಿನಕ್ಕೆ 200 ರೂಪಾಯಿಯಂತೆ, ಕಡಿತವಾದ ತೆರಿಗೆಯ ಮೊತ್ತವನ್ನು ಮೀರದಂತೆ, ವಿಳಂಬ ಶುಲ್ಕ ವಿಧಿಸುವ 234ಇ ಸೆಕ್ಷನ್ ಬಂತು. ಅದನ್ನು ಲೆಕ್ಕ ಹಾಕುವುದು ಯಂತ್ರ. ವಿನಾಯಿತಿ ಕೇಳಲು ಎದುರಿಗೆ ಯಾವ ಅಧಿಕಾರಿಯೂ ಇಲ್ಲ. ಈ ಶುಲ್ಕದ ವಿರುದ್ಧ ದೇಶದ ಹಲವು ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ನಡೆದವು. 2015ರ ಜೂನ್ 1ಕ್ಕೆ ಹಿಂದಿನ ಅವಧಿಗೆ ಯಂತ್ರದ ಮೂಲಕ ಕಳುಹಿಸಿದ ಬೇಡಿಕೆ ಊರ್ಜಿತವಲ್ಲ ಎಂದು ಕರ್ನಾಟಕ ಹೈಕೋರ್ಟ್ 2016ರಲ್ಲಿ ತೀರ್ಪಿತ್ತಿತು. ಅನಂತರದ ಅವಧಿಗೆ ಶುಲ್ಕ ಮುಂದುವರಿಯಿತು. ತಪ್ಪು ಮಾಹಿತಿ ಕೊಟ್ಟವರಿಗೂ 10,000ದಿಂದ 1 ಲಕ್ಷ ರೂಪಾಯಿವರೆಗೆ ದಂಡವಿತ್ತೆಂಬುದು ನಿಜ. ಆದರೆ ಅದು ತಾನಾಗಿ ಬೀಳುವ ದಂಡವಲ್ಲ. ಅಧಿಕಾರಿಯೊಬ್ಬರು ತಪ್ಪನ್ನು ಗಮನಿಸಿ, ನೋಟಿಸ್ ಕೊಟ್ಟು, ವಿಚಾರಣೆ ನಡೆಸಿ ವಿಧಿಸಬೇಕು. ತಡವಾದರೆ ಶಿಕ್ಷೆ ಖಚಿತ, ತಪ್ಪಾದರೆ ಶಿಕ್ಷೆ ಅಪರೂಪ ಎಂದಾದಾಗ ಅರವತ್ತು ಗಿರಾಕಿಗಳ ಆಡಿಟರ್ ಯಾವುದನ್ನು ಆರಿಸಿಕೊಳ್ಳುತ್ತಾರೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಇಂದು ಏನಾದರೊಂದನ್ನು ಸಲ್ಲಿಸಿಬಿಡು, ನಾಳೆ ತಿದ್ದಿದರಾಯಿತು ಎಂಬುದೇ ಈ ವೃತ್ತಿಯ ಅಲಿಖಿತ ಸೂತ್ರವಾಗಿದೆ. ತಿದ್ದುವ ಆ ‘ನಾಳೆ’ ಯಾರಾದರೂ ಬಂದು ಅಂಗಲಾಚುವವರೆಗೆ ಬರುವುದಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಶುಲ್ಕ ಪಡೆಯುವವರೆಲ್ಲರೂ ವೇಷ ಮರೆಸಿದ ನೌಕರರಲ್ಲ. ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡಿಹೋಗುವ ತಜ್ಞ ವೈದ್ಯರು ವೃತ್ತಿಪರರೇ ಹೊರತು ನೌಕರರಲ್ಲ ಎಂಬ ವಾದವನ್ನು ಕರ್ನಾಟಕ ಹೈಕೋರ್ಟ್ 2015ರಲ್ಲಿ ಎತ್ತಿಹಿಡಿದಿದೆ. ಆದರೆ ಯಾರು ನೌಕರ ಎಂಬ ಪ್ರಶ್ನೆಗೆ ಹೆಸರಿನಿಂದ ಉತ್ತರ ಸಿಗುವುದಿಲ್ಲ. ಸೌರಾಷ್ಟ್ರದ ಉಪ್ಪಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಅಗರಿಯಾಗಳನ್ನು ಕಂಪನಿಯು ಸ್ವತಂತ್ರ ಗುತ್ತಿಗೆದಾರರೆಂದು ವಾದಿಸಿದಾಗ, ಕೆಲಸ ಹೇಗೆ ನಡೆಯಬೇಕೆಂಬ ಹತೋಟಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಿ ಸುಪ್ರೀಂ ಕೋರ್ಟ್ 1956ರಲ್ಲಿಯೇ ಅವರನ್ನು ಕಾರ್ಮಿಕರೆಂದು ಒಪ್ಪಿತು. ಬೆರಳಚ್ಚು ಒತ್ತಿ ಒಳಹೋಗುವ ತಂತ್ರಜ್ಞನಿಗೂ ಅದೇ ಒರೆಗಲ್ಲು ಸಲ್ಲಬೇಕು.

ಈ ವಿಷಯದಲ್ಲಿ ನನ್ನ ಕೈಯೂ ಶುದ್ಧವಲ್ಲ. ಜಿಲ್ಲಾ ಕಚೇರಿಯೊಂದರಲ್ಲಿ ವೇತನ ಬಟವಾಡೆಯ ಹೊಣೆ ಹೊತ್ತಿದ್ದಾಗ, ನಮ್ಮ ವಾಹನದ ಚಾಲಕನೂ ಗಣಕಯಂತ್ರದ ಮುಂದೆ ಕುಳಿತ ಇಬ್ಬರು ಹುಡುಗಿಯರೂ ಹೊರಗುತ್ತಿಗೆಯವರಾಗಿದ್ದರು. ನಮ್ಮ ಲೆಕ್ಕದಲ್ಲಿ ಅವರು ಮನುಷ್ಯರಾಗಿರಲಿಲ್ಲ. ಏಜೆನ್ಸಿಯ ಹೆಸರಿನಲ್ಲಿ ಗುತ್ತಿಗೆ ಬಾಬ್ತಿನ ಒಂದು ಸಾಲಾಗಿದ್ದರು. ನಮ್ಮ ಕಚೇರಿಯ ತ್ರೈಮಾಸಿಕ ವಿವರಗಳನ್ನೂ ಪೇಟೆಯ ಆಡಿಟರ್ ಒಬ್ಬರೇ ಸಿದ್ಧಪಡಿಸುತ್ತಿದ್ದರು. ಗುಮಾಸ್ತರು ತಂದಿಟ್ಟ ಕಾಗದಕ್ಕೆ ನಾನು ಸಹಿ ಹಾಕುತ್ತಿದ್ದೆ. ಒಮ್ಮೆ ವಿಳಂಬ ಶುಲ್ಕದ ನೋಟಿಸ್ ಬಂದಾಗ ಇಡೀ ಕಚೇರಿ ತಲ್ಲಣಿಸಿತು. ಒಳಗಿನ ಅಂಕಿಗಳು ಸರಿಯೇ ಎಂದು ಕೇಳಲು ಯಾವ ನೋಟಿಸೂ ಬರಲಿಲ್ಲ, ನಾನಾಗಿಯೂ ಕೇಳಲಿಲ್ಲ.

ಪರಿಹಾರದ ಮಾತಿಗೆ ಬಂದರೆ, ಅಮೆರಿಕದ ಒಂದು ವ್ಯವಸ್ಥೆಯನ್ನು ಗಮನಿಸುವುದು ಉಪಯುಕ್ತ. ಅಲ್ಲಿ ಮಕ್ಕಳಿರುವ ನಮ್ಮ ಅನೇಕ ಓದುಗರಿಗೆ ನೌಕರರ ಡಬ್ಲ್ಯು-2, ಗುತ್ತಿಗೆಯವರ 1099 ನಮೂನೆಗಳ ಹೆಸರು ಕಿವಿಗೆ ಬಿದ್ದಿರುತ್ತದೆ. ನೌಕರನನ್ನು ಗುತ್ತಿಗೆದಾರನೆಂದು ತೋರಿಸುವ ಚಾಳಿ ಅಲ್ಲಿಯೂ ಉಂಟು. ಸಣ್ಣ ತೆರಿಗೆ ಸಲಹೆಗಾರರಿಗೆ ಪರೀಕ್ಷೆ ಕಡ್ಡಾಯ ಮಾಡಲು ಅಲ್ಲಿನ ಇಲಾಖೆ ಹೊರಟಾಗ, ಹಾಗೆ ಮಾಡುವ ಅಧಿಕಾರ ಅದಕ್ಕಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಹೇಳಿತು. ಆದರೂ ಎರಡು ಏರ್ಪಾಡುಗಳು ಉಳಿದುಕೊಂಡಿವೆ. ಸಂಭಾವನೆ ಪಡೆದು ತೆರಿಗೆ ರಿಟರ್ನ್ ಸಿದ್ಧಪಡಿಸುವವನು ಅದರಲ್ಲಿ ತನ್ನ ಗುರುತಿನ ಸಂಖ್ಯೆಯನ್ನು ನಮೂದಿಸಬೇಕು. ಎರಡನೆಯದಾಗಿ, ‘ನಾನು ನೌಕರನೋ ಗುತ್ತಿಗೆದಾರನೋ ನೀವೇ ತೀರ್ಮಾನಿಸಿ’ ಎಂದು ದುಡಿಯುವವನೇ ಇಲಾಖೆಯನ್ನು ಕೇಳಲು ಎಸ್‌ಎಸ್-8 ಎಂಬ ಅರ್ಜಿಯಿದೆ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ನಿಜ. ಆದರೆ ಕೇಳುವ ಹಕ್ಕಾದರೂ ಇದೆ.

ನಮ್ಮಲ್ಲಿ ಏನಿದೆ? 2021ರ ನವೆಂಬರ್‌ನಿಂದ ವಾರ್ಷಿಕ ಮಾಹಿತಿ ಪಟ್ಟಿಯನ್ನು ತೆರಿಗೆದಾರ ಜಾಲತಾಣದಲ್ಲಿ ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪ ದಾಖಲಿಸಬಹುದು. ಅದು ಮಾಹಿತಿ ಕೊಟ್ಟವರಿಗೆ ತಲುಪಿತೇ, ಅವರು ಒಪ್ಪಿದರೇ ಎಂಬುದನ್ನು ತಿಳಿಯುವ ಸೌಲಭ್ಯ 2024ರಲ್ಲಿ ಬಂತು. ಇದು ಒಳ್ಳೆಯ ಹೆಜ್ಜೆ. ಆದರೆ ‘ಈ ಮೊತ್ತ ತಪ್ಪು’ ಎನ್ನುವುದು ಬೇರೆ, ‘ಈ ಸಂಬಂಧವೇ ತಪ್ಪಾಗಿ ದಾಖಲಾಗಿದೆ’ ಎನ್ನುವುದು ಬೇರೆ. ಕಡಿತವಾದ ತೆರಿಗೆಯನ್ನು ಮಾಲೀಕ ಕಟ್ಟದಿದ್ದರೆ ಅದನ್ನು ನೌಕರನಿಂದ ಬಲವಂತವಾಗಿ ವಸೂಲು ಮಾಡಬಾರದೆಂದು ಕೇಂದ್ರ ನೇರ ತೆರಿಗೆ ಮಂಡಳಿ 2015 ಮತ್ತು 2016ರಲ್ಲಿ ಅಧಿಕಾರಿಗಳಿಗೆ ಸೂಚಿಸಿತ್ತು. ಅಷ್ಟರಿಂದ ಅವನಿಗೆ ಸಲ್ಲಬೇಕಾದ ಮರುಪಾವತಿ ಬಂದುಬಿಡುವುದಿಲ್ಲ.

ಆದ್ದರಿಂದ ನನ್ನ ಸಲಹೆಗಳು ನಾಲ್ಕು. ಒಂದು, ಟಿಡಿಎಸ್ ವಿವರ ಸಿದ್ಧಪಡಿಸಿದವರು ಯಾರೆಂಬುದು ಅದರಲ್ಲಿಯೇ ನಮೂದಾಗಬೇಕು. ಇದು ಪರವಾನಗಿ ರಾಜ್ಯವನ್ನು ಮರಳಿ ತರುವ ಸಲಹೆಯಲ್ಲ. ಹೆಸರು ಬರೆಯಬೇಕೆಂದಾಗ ಕೈ ತುಸು ಎಚ್ಚರದಿಂದ ಬರೆಯುತ್ತದೆ. ಗಿರಾಕಿಯ ಒತ್ತಡಕ್ಕೆ ಇಲ್ಲವೆನ್ನಲು ಆಡಿಟರಿಗೂ ಒಂದು ನೆಪ ಸಿಗುತ್ತದೆ. ಎರಡು, ಪದವೀಧರರಿಗೆ ತರಬೇತಿ ಕೊಟ್ಟು ಸಣ್ಣ ತೆರಿಗೆದಾರರ ನೆರವಿಗೆ ಕಳುಹಿಸುವ ಯೋಜನೆಯೊಂದನ್ನು ಕೇಂದ್ರ ಸರ್ಕಾರ 2006ರಲ್ಲಿ ರೂಪಿಸಿತ್ತು. ಅದೇ ಬಗೆಯ ತರಬೇತಿ ಟಿಡಿಎಸ್ ತುಂಬಿಸುವವರಿಗೆ ಕನ್ನಡದಲ್ಲಿ ದೊರೆಯಬೇಕು. ಮೂರು, ವೇತನದಾರರಿಗೆ ತ್ರೈಮಾಸಿಕ ಕಡಿತದ ವಿವರವನ್ನು ಎಸ್‌ಎಂಎಸ್ ಮೂಲಕ ತಿಳಿಸುವ ಕ್ರಮ 2016ರಲ್ಲಿ ಆರಂಭವಾಯಿತು. ‘ನಿಮ್ಮನ್ನು ನೌಕರರೆಂದು ಅಥವಾ ಗುತ್ತಿಗೆದಾರರೆಂದು ತೋರಿಸಲಾಗಿದೆ’ ಎಂಬ ಒಂದು ಸಾಲು ಎಲ್ಲರಿಗೂ, ಅವರವರ ಭಾಷೆಯಲ್ಲಿ ತಲುಪಬೇಕು. ನಾಲ್ಕು, ತನ್ನನ್ನು ತಪ್ಪು ಪಟ್ಟಿಗೆ ಸೇರಿಸಲಾಗಿದೆ ಎಂದು ದುಡಿಯುವವನು ಹೇಳಲು ಒಂದು ಪುಟದ ಅರ್ಜಿ ಇರಬೇಕು. ತೆರಿಗೆ ಇಲಾಖೆ, ಭವಿಷ್ಯ ನಿಧಿ ಸಂಸ್ಥೆ, ಕಾರ್ಮಿಕ ಇಲಾಖೆ ಮೂರಕ್ಕೂ ಅದೊಂದೇ ಸಾಕಾಗಬೇಕು. ಆ ಅರ್ಜಿಗೆ ಗೊತ್ತಾದ ದಿನದೊಳಗೆ ಉತ್ತರ ಕೊಡದ ಮಾಲೀಕನಿಗೆ, ತಡವಾದವನಿಗೆ ಬೀಳುವಂತೆಯೇ, ದಂಡ ತಾನಾಗಿ ಬೀಳಲಿ.

ಇದಕ್ಕೆ ಈಗ ಒಂದು ತುರ್ತೂ ಇದೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ನೇಮಕಾತಿ ಪತ್ರ ಕಡ್ಡಾಯವಾಗಿದೆ. ನಿಗದಿತ ಅವಧಿಯ ನೌಕರನಿಗೂ ಒಂದು ವರ್ಷದ ಸೇವೆಗೆ ಗ್ರಾಚ್ಯುಟಿಯ ಹಕ್ಕು ಬಂದಿದೆ. ನೌಕರನ ಹಕ್ಕುಗಳು ಹೆಚ್ಚಿದಷ್ಟೂ ಅವನನ್ನು ನೌಕರನೆಂದು ಕರೆಯದಿರುವ ಆಸೆಯೂ ಹೆಚ್ಚುತ್ತದೆ. ಸಂಹಿತೆಯು ಕೊಟ್ಟದ್ದನ್ನು ಒಂದು ತೆರಿಗೆ ನಮೂನೆ ಕಸಿದುಕೊಳ್ಳುವಂತಾಗಬಾರದು.

ನಮ್ಮ ಬಡಾವಣೆಯ ಯುವಕನ ಪ್ಯಾನ್ ಸಂಖ್ಯೆಯನ್ನು ಆಡಿಟರ್ ಆ ವಾರವೇ ತಿದ್ದಿ, ಪರಿಷ್ಕೃತ ವಿವರ ಸಲ್ಲಿಸಿದರು, ಶುಲ್ಕ ಕೇಳಲಿಲ್ಲ. 8,400 ರೂಪಾಯಿ ಅವನ ಖಾತೆಯಲ್ಲಿ ಕಾಣಿಸಿಕೊಂಡಿತು. ಆದರೆ ಪರಿಷ್ಕೃತ ವಿವರದಲ್ಲಿಯೂ ಅವನು ‘ವೃತ್ತಿಪರ’ನೇ. ಅದನ್ನು ಪ್ರಶ್ನಿಸಿ ಮಾಲೀಕರಿಗೆ ಪತ್ರ ಬರೆಯೋಣವೇ ಎಂದು ಕೇಳಿದೆ. ‘ಬೇಡ ಸರ್, ಕೆಲಸ ಹೋದರೆ ಕಷ್ಟ’ ಎಂದ. ಒಂದಂಕಿಯ ತಪ್ಪನ್ನು ತಿದ್ದಲು ನಮ್ಮ ವ್ಯವಸ್ಥೆಯಲ್ಲಿ ದಾರಿಯಿದೆ. ಮನುಷ್ಯನ ದುಡಿಮೆಗೆ ತಪ್ಪು ಹೆಸರಿಟ್ಟರೆ ಅದನ್ನು ಭಯವಿಲ್ಲದೆ ತಿದ್ದಿಸಿಕೊಳ್ಳುವ ದಾರಿಯನ್ನು ನಾವು ಇನ್ನೂ ಮಾಡಿಕೊಟ್ಟಿಲ್ಲ.